ಬೇಸಿಗೆಯ ಉಳಿದರ್ಧ

ಆಗಸ್ಟ್ ಬಂತೆಂದರೆ, ಹೊರದೇಶದ ಪ್ರಯೋಗಾಲಯಗಳಲ್ಲಿ ಬೇಸಿಗೆ ಕಳೆದ ನಮ್ಮ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಊರಿಗೆ ಮರಳುತ್ತಾರೆ. ಹೊರಟಾಗ ಇಲ್ಲಿ ಮಾವಿನ ಕಾಲ, ಮರಳುವಾಗ ಶ್ರಾವಣ. ಬಂದ ಮೇಲೆ ಹಣ ಕೊಟ್ಟ ಸಂಸ್ಥೆಗೋ ಓದುತ್ತಿರುವ ಕಾಲೇಜಿಗೋ ಒಂದು ಅನುಭವ ವರದಿ ಒಪ್ಪಿಸುವುದು ವಾಡಿಕೆ. ಅಂಥ ವರದಿಗಳ ಮೈಕಟ್ಟು ಬಹುಮಟ್ಟಿಗೆ ಒಂದೇ ಬಗೆಯದು: ಮಾರ್ಗದರ್ಶಕರ ಸೌಜನ್ಯ, ಉಪಕರಣಗಳ ಅಚ್ಚುಕಟ್ಟು, ರಾತ್ರಿ ಒಂಬತ್ತಾದರೂ ಕಂದದ ಬೆಳಕು, ವಾರಾಂತ್ಯಕ್ಕೆ ನೋಡಿದ ಊರುಗಳು, ಕೊನೆಗೆ ಎಲ್ಲರಿಗೂ ಕೃತಜ್ಞತೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೂರನೆಯ ವಾರದಲ್ಲಿ ಮಾದರಿ ಕೆಟ್ಟುಹೋದದ್ದು, ಗುಂಪಿನ ಸಭೆಯಲ್ಲಿ ಉತ್ತರ ತೋಚದೆ ನಿಂತದ್ದು, ಬಾಯಿಪಾಠವಾಗಿದ್ದ ಸೂತ್ರವೊಂದು ಪ್ರಯೋಗದ ಮೇಜಿನ ಮುಂದೆ ಅರ್ಥವೇ ಆಗಿರಲಿಲ್ಲವೆಂದು ಗೊತ್ತಾದದ್ದು ಅಲ್ಲಿ ಸಿಗುವುದು ಅಪರೂಪ. ನಿಜವಾದ ಕಲಿಕೆ ಇರುವುದು ಹೀಗೆ ಬಿಟ್ಟುಹೋದ ಭಾಗದಲ್ಲೇ. ಎಂಟು ವಾರವೋ ಹನ್ನೆರಡು ವಾರವೋ ಹೊರಗೆ ಕಳೆದ ಬೇಸಿಗೆ ಕಲಿಕೆಯ ಒಂದರ್ಧ ಮಾತ್ರ. ಉಳಿದರ್ಧ ನಡೆಯುವುದು ಮರಳಿದ ಮೇಲೆ, ಆದದ್ದನ್ನು ಯೋಚಿಸಿ ಬರೆಯುವಾಗ, ಬರೆದದ್ದನ್ನು ನಾಲ್ಕು ಜನರ ಮುಂದೆ ಇಡುವಾಗ. ಆ ಉಳಿದರ್ಧಕ್ಕೆ ನಮ್ಮ ಕಾಲೇಜುಗಳು ಜಾಗ ಮಾಡಿಕೊಡಬೇಕು. ಇಲ್ಲದಿದ್ದರೆ ಮೊದಲರ್ಧದ ಬಹುಪಾಲು ಸೋರಿಹೋಗುತ್ತದೆ.

ಇಂಥ ಬೇಸಿಗೆಗಳಿಗೆ ಒಂದು ಚರಿತ್ರೆಯಿದೆ. ಜಿನೀವಾದ ಅಂಚಿನಲ್ಲಿರುವ ಕಣಭೌತ ಪ್ರಯೋಗಾಲಯ ಸೆರ್ನ್ ಬೇಸಿಗೆ ವಿದ್ಯಾರ್ಥಿಗಳನ್ನು ಕರೆಯತೊಡಗಿದ್ದು 1962ರಲ್ಲಿ, ವಿಕ್ಟರ್ ವೈಸ್‌ಕಾಫ್ ಅದರ ಮಹಾನಿರ್ದೇಶಕರಾಗಿದ್ದಾಗ. ಉಪನ್ಯಾಸ ಕೇಳುತ್ತಲೇ ಯಾವುದಾದರೊಂದು ತಂಡದಲ್ಲಿ ಕೆಲಸ ಮಾಡುವ ಅಲ್ಲಿನ ಪದ್ಧತಿ ಇಂದಿಗೂ ನಡೆದಿದೆ. ಅಮೆರಿಕದ ಎಂಐಟಿ 1969ರಲ್ಲಿ, ಕ್ಯಾಲ್ಟೆಕ್ 1979ರಲ್ಲಿ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಸೇರಿಸಿಕೊಳ್ಳುವ ಏರ್ಪಾಟು ಮಾಡಿದವು. 1925ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಹುಟ್ಟಿದ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ, ಭಾರತದ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದೇ 'ವೈಸ್' ಎಂಬ ಕಾರ್ಯಕ್ರಮ ರೂಪಿಸಿತು. ಕೆನಡಾದ ಮೈಟ್ಯಾಕ್ಸ್ ಸಂಸ್ಥೆಯ 'ಗ್ಲೋಬಲಿಂಕ್' 12 ವಾರಗಳದ್ದು. ಭಾರತ ಮತ್ತು ಅಮೆರಿಕದ ನಡುವಿನ ಇಂಥ ಏರ್ಪಾಟುಗಳಿಗೆ ಹರಗೋಬಿಂದ ಖೊರಾನಾ ಮತ್ತು ಸತ್ಯೇಂದ್ರನಾಥ ಬೋಸ್ ಅವರ ಹೆಸರಿಡಲಾಯಿತು. ಎಲ್ಲದರ ಹಿಂದಿರುವ ನಂಬಿಕೆ ಒಂದೇ. ಕುಲುಮೆಯ ಪಕ್ಕ ತಿದಿಯೊತ್ತುತ್ತಲೇ ಕಬ್ಬಿಣದ ಹದ ತಿಳಿಯುವಂತೆ, ಸಂಶೋಧನೆ ಎಂಬ ಕಸುಬೂ ಅದನ್ನು ಮಾಡುವವರ ಪಕ್ಕ ಕೂತಾಗಲೇ ಕೈಗೆ ಹತ್ತುತ್ತದೆ.

ಈ ನಂಬಿಕೆಗೆ ಆಧಾರವೆಷ್ಟು ಎಂದು ಕೇಳಿದವರಿದ್ದಾರೆ. ಎಲೇನ್ ಸೀಮೋರ್ ಮತ್ತು ಸಂಗಡಿಗರು ಅಮೆರಿಕದ ನಾಲ್ಕು ಕಾಲೇಜುಗಳಲ್ಲಿ ಬೇಸಿಗೆ ಸಂಶೋಧನೆ ಮಾಡಿದ 76 ವಿದ್ಯಾರ್ಥಿಗಳನ್ನು ಮಾತಾಡಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ಆಡಿದ ಮಾತುಗಳಲ್ಲಿ ಬಹುಪಾಲು ಲಾಭದ ಮಾತುಗಳೇ ಆಗಿದ್ದವು. ಧೈರ್ಯ ಬಂತು, ವಿಜ್ಞಾನಿಯಂತೆ ಯೋಚಿಸಲು ಕಲಿತೆವು ಎಂಬ ಧಾಟಿ ಅವುಗಳದು. 2015ರಲ್ಲಿ ಮಾರ್ಸಿಯಾ ಲಿನ್ ಮತ್ತು ಸಂಗಡಿಗರು ಇಂಥ 60 ಅಧ್ಯಯನಗಳನ್ನು 'ಸೈನ್ಸ್' ಪತ್ರಿಕೆಯಲ್ಲಿ ಒರೆಗೆ ಹಚ್ಚಿದಾಗ ಚಿತ್ರ ಅಷ್ಟು ಸರಳವಾಗಿ ಉಳಿಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳು ವಿದ್ಯಾರ್ಥಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನೇ ನೆಚ್ಚಿದ್ದವು. ಒಳ್ಳೆಯ ಮಾರ್ಗದರ್ಶನ ಸಿಕ್ಕಲ್ಲಿ ಪ್ರಯೋಜನವಾದದ್ದು ನಿಜವಾದರೂ, ಕಲಿತ ವಿಚಾರಗಳು ಅನೇಕ ಸಲ ಚೂರುಚೂರಾಗಿ, ಒಂದಕ್ಕೊಂದು ಬೆಸೆಯದೆ ಉಳಿಯುತ್ತವೆ ಎಂಬುದು ಅವರ ತೀರ್ಮಾನ. ಇದನ್ನು ಬೇಸಿಗೆ ಸಂಶೋಧನೆಯ ವಿರುದ್ಧ ಕೊಟ್ಟ ತೀರ್ಪು ಎಂದು ಓದಬೇಕಿಲ್ಲ. ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಸಂತೋಷಪಟ್ಟೆ ಎಂಬುದು ಕಲಿತೆ ಎಂಬುದಕ್ಕೆ ಸಾಕ್ಷಿಯಾಗದು. ಚೂರುಗಳನ್ನು ಜೋಡಿಸುವ ಕೆಲಸ ತಾನಾಗಿ ಆಗುವುದಿಲ್ಲ; ಅದಕ್ಕೆ ಬೇರೆಯೇ ಹೊತ್ತು, ಬೇರೆಯೇ ಶ್ರಮ ಬೇಕು.

ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿ ಶಿಕ್ಷಣದ ಬಗ್ಗೆ ಜೀವನವಿಡೀ ಹೇಳುತ್ತ ಬಂದದ್ದು ಇದನ್ನೇ. ಎಲ್ಲ ಅನುಭವವೂ ಶಿಕ್ಷಣವಲ್ಲ. ಮಾಡಿದ್ದಕ್ಕೂ ಆದದ್ದಕ್ಕೂ ಇರುವ ಸಂಬಂಧವನ್ನು ಮನಸ್ಸು ಹಿಡಿದಾಗ ಮಾತ್ರ ಅನುಭವ ಕಲಿಸುತ್ತದೆ. ಒಂದು ಉದಾಹರಣೆ ನೋಡೋಣ. ಜೀವವಿಜ್ಞಾನದ ವಿದ್ಯಾರ್ಥಿನಿಯೊಬ್ಬಳು ಡಿಎನ್‌ಎ ತುಣುಕೊಂದನ್ನು ಪಿಸಿಆರ್ ಯಂತ್ರದಲ್ಲಿ ನಕಲು ಮಾಡಲು ಮೂರು ವಾರ ಹೆಣಗುತ್ತಾಳೆ ಎಂದಿಟ್ಟುಕೊಳ್ಳಿ. ನಕಲಾಗಿದ್ದರೆ ಜೆಲ್ ಮೇಲೆ ಕಾಣಬೇಕಾದ ಪಟ್ಟಿ ಮೂಡುವುದೇ ಇಲ್ಲ. ಕೆಲಸ ಮಾಡುತ್ತದೆಂದು ಮೊದಲೇ ಗೊತ್ತಿರುವ ಮಾದರಿಯೊಂದನ್ನು ಪಕ್ಕದ ನಳಿಕೆಯಲ್ಲಿ ಇಟ್ಟು ನೋಡು ಎಂದು ಮಾರ್ಗದರ್ಶಕರು ಹೇಳುತ್ತಾರೆ. ಅದರಲ್ಲಿ ಪಟ್ಟಿ ಮೂಡುತ್ತದೆ. ಅಂದರೆ ಯಂತ್ರ ಸರಿಯಿದೆ, ಕಿಣ್ವ ಸರಿಯಿದೆ. ದೋಷ ತನ್ನ ಮಾದರಿಯಲ್ಲೋ ಪ್ರೈಮರ್‌ನಲ್ಲೋ ಇದೆ. ವರದಿಯಲ್ಲಿ ಇದು ಪಿಸಿಆರ್ ತಂತ್ರ ಕಲಿತೆ ಎಂಬ ಒಂದೇ ಸಾಲಾಗಿ ಮುಗಿಯಬಹುದು. ಕೂತು ಯೋಚಿಸಿದರೆ ಅದೇ ಮೂರು ವಾರ ಬೇರೆಯೇ ಪಾಠ ಹೇಳುತ್ತವೆ. ಹೋಲಿಸಿ ನೋಡಲು ಏನೂ ಇಲ್ಲದ ಪ್ರಯೋಗ ಸೋತರೂ ಗೆದ್ದರೂ ಏನನ್ನೂ ಹೇಳುವುದಿಲ್ಲ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಆಳದ್ದು: ಪಟ್ಟಿ ಮೂಡದ ಮೊದಲ ದಿನವೇ ಅದನ್ನು ಹೇಳದೆ ತಾನೇಕೆ ಮುಚ್ಚಿಟ್ಟೆ, ಅದರಲ್ಲಿ ನಾಚಿಕೆಪಡುವಂಥದ್ದು ಏನಿತ್ತು ಎಂಬ ಪ್ರಶ್ನೆ. ಆ ಪ್ರಶ್ನೆ ಅವಳನ್ನು ತನ್ನ ಕಾಲೇಜಿನ ರೆಕಾರ್ಡ್ ಪುಸ್ತಕದ ಬಳಿಗೆ ಕರೆತರುತ್ತದೆ. ನಮ್ಮ ಪ್ರಾಯೋಗಿಕ ತರಗತಿಗಳಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಅದರ ಹತ್ತಿರ ಬಂದ ಅಂಕಿಗೆ ಅಂಕ, ದೂರ ಉಳಿದ ಅಂಕಿಗೆ ಕೆಂಪು ಗೆರೆ. ಹತ್ತಾರು ವರ್ಷ ಹೀಗೆ ಪಳಗಿದ ಕೈ ಸೋಲನ್ನು ಬಚ್ಚಿಡಲು ಕಲಿತಿರುತ್ತದೆ. ಹೊರದೇಶದ ಬೇಸಿಗೆಯ ದೊಡ್ಡ ಲಾಭ ಇದು: ತಾನು ಬೆಳೆದ ಶಿಕ್ಷಣವನ್ನು ಸ್ವಲ್ಪ ದೂರ ನಿಂತು ನೋಡಲು ಸಿಗುವ ಅವಕಾಶ. ಆದರೆ ದೂರ ಹೋದವರೆಲ್ಲರೂ ಹಿಂತಿರುಗಿ ನೋಡುವುದಿಲ್ಲ. ನೋಡುವಂತೆ ಮಾಡುವುದು ಬರವಣಿಗೆ.

ಹೋಲಿಕೆಯ ಮಾತಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಎಲ್ಲ ಸೊಗಸು, ಇಲ್ಲಿ ಎಲ್ಲ ಕೊರತೆ ಎಂಬ ಉದ್ಗಾರ ಸುಲಭ; ಅದು ಎರಡು ದಿನದ ಪ್ರವಾಸಿಗೂ ಹೊಳೆಯುತ್ತದೆ. ಅಲ್ಲಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸದಾ ಕೆಲಸ ಮಾಡುತ್ತಿದ್ದುದು ಏಕೆ ಎಂದು ಕಾರಣ ಹುಡುಕಿದಾಗ ಮಾತು ಬದಲಾಗುತ್ತದೆ. ಅದನ್ನು ನೋಡಿಕೊಳ್ಳಲು ಕಾಯಂ ಹುದ್ದೆಯ ತಂತ್ರಜ್ಞರಿದ್ದಾರೆ; ಯಾರು ಯಾವ ಹೊತ್ತಿಗೆ ಬಳಸಬೇಕೆಂಬ ವೇಳಾಪಟ್ಟಿ ಎಲ್ಲರಿಗೂ ಕಾಣುವಂತಿದೆ; ಪಕ್ಕದ ವಿಭಾಗದವರಿಗೂ ಅದರಲ್ಲಿ ಪಾಲಿದೆ. ನಮ್ಮಲ್ಲಿ ಬಟ್ಟೆ ಹೊದ್ದು ಕೂತಿರುವ ಎಷ್ಟೋ ಉಪಕರಣಗಳನ್ನು ಕೊಂಡ ದಿನ ಹಣವಿತ್ತು. ನಡೆಸುವವರ ಸಂಬಳಕ್ಕೆ, ವರ್ಷದ ರಿಪೇರಿ ಒಪ್ಪಂದಕ್ಕೆ ಹಣ ಇರಲಿಲ್ಲ. ಯಂತ್ರವನ್ನು ಮಾತ್ರ ಕಂಡು ಬಂದ ವಿದ್ಯಾರ್ಥಿ ಯಂತ್ರ ಬೇಕೆನ್ನುತ್ತಾನೆ. ಅದರ ಹಿಂದಿನ ತಂತ್ರಜ್ಞರನ್ನೂ ಕಂಡು ಬಂದವನ ಮಾತು ಕಾಲೇಜಿನ ಆಡಳಿತಕ್ಕೆ ಹೆಚ್ಚು ಉಪಯೋಗದ್ದು. ಜರ್ಮನಿಯ ಭಾನುವಾರದ ಮೌನವನ್ನು ಮೆಚ್ಚುವವರು ಅಲ್ಲಿ ಅಂಗಡಿಗಳು ಮುಚ್ಚಿರುವುದರ ಹಿಂದೆ ಕಾನೂನಿದೆ, ವಿರಾಮವನ್ನು ದುಡಿಯುವವರ ಹಕ್ಕೆಂದು ಕಾಣುವ ಸಮಾಜವಿದೆ ಎಂಬುದನ್ನೂ ಗಮನಿಸಬೇಕು. ಕಾರಣದವರೆಗೆ ಹೋದ ಹೋಲಿಕೆಯಿಂದ ಕೀಳರಿಮೆಯೂ ಬರುವುದಿಲ್ಲ, ಹುಸಿ ಹೆಮ್ಮೆಯೂ ಬರುವುದಿಲ್ಲ.

ಒಂದೇ ಬೇಸಿಗೆಯ ಪಯಣ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ನಮ್ಮ ವಿಜ್ಞಾನದ ಚರಿತ್ರೆಯಲ್ಲೇ ಸಾಕ್ಷಿಯಿದೆ. 1921ರಲ್ಲಿ ಸಿ.ವಿ. ರಾಮನ್ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮಾವೇಶಕ್ಕೆ ಕಲ್ಕತ್ತದ ಪ್ರತಿನಿಧಿಯಾಗಿ ಹೋದರು. ಅದು ಅವರ ಮೊದಲ ವಿದೇಶ ಯಾತ್ರೆ. ಅವರು ಆಗ ವಿದ್ಯಾರ್ಥಿಯಾಗಿರಲಿಲ್ಲ, ಪ್ರಾಧ್ಯಾಪಕರಾಗಿದ್ದರು. ಆದರೂ ಮರಳುವಾಗ ನಡೆದದ್ದು ಪ್ರತಿ ವಿದ್ಯಾರ್ಥಿಗೂ ಪಾಠ. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಎಂಬುದು ಲಾರ್ಡ್ ರ‍್ಯಾಲೆಯವರ ವಿವರಣೆ. ರಾಮನ್ 'ನರ್ಕುಂಡಾ' ಹಡಗಿನ ಮೇಲೆ ನಿಂತು, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ನಿಕಾಲ್ ಪ್ರಿಸಮ್‌ನಿಂದ ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ. ಹಾಗಾದರೆ ಬಣ್ಣ ನೀರಿನೊಳಗೇ, ಅಣುಗಳು ಬೆಳಕನ್ನು ಚದುರಿಸುವುದರಿಂದಲೇ ಬರುತ್ತಿರಬೇಕು. ಅವರು ಅದನ್ನು ನೆನಪಿಗೆ ಬಿಡಲಿಲ್ಲ. ಹಡಗು ಮುಂಬಯಿ ಬಂದರು ಸೇರುವ ಹೊತ್ತಿಗೆ 'ನೇಚರ್' ಪತ್ರಿಕೆಗೆ ಟಿಪ್ಪಣಿ ಸಿದ್ಧವಾಗಿತ್ತು. ಮುಂದಿನ ಏಳು ವರ್ಷ ಕಲ್ಕತ್ತದಲ್ಲಿ ಶಿಷ್ಯರೊಡನೆ ಅದೇ ಪ್ರಶ್ನೆಯನ್ನು ಬೆನ್ನಟ್ಟಿದರು. 1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ದ್ರವಗಳಲ್ಲಿ ಒಂದು ಕ್ಷೀಣ ಬೆಳಕು ಕಂಡಿತು. ಕಲ್ಮಶದ ದೋಷವಿರಬಹುದೆಂದು ದ್ರವವನ್ನು ಮತ್ತೆ ಮತ್ತೆ ಶುದ್ಧಿ ಮಾಡಿದರೂ ಅದು ಹೋಗಲಿಲ್ಲ. ದೋಷವೆಂದು ಅಳಿಸಿಹಾಕದೆ ದಾಖಲಿಸಿಟ್ಟ ಆ ಬೆಳಕೇ, ಇನ್ನೊಬ್ಬ ಶಿಷ್ಯ ಕೆ.ಎಸ್. ಕೃಷ್ಣನ್ ಅವರ ಜೊತೆಗಿನ ಕೆಲಸದಲ್ಲಿ, 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮವೆಂದು ಬೆಳಕಿಗೆ ಬಂತು. ಪಯಣ ಕೊಟ್ಟದ್ದು ಪ್ರಶ್ನೆ. ಅದನ್ನು ಫಲಕ್ಕೆ ತಂದದ್ದು ಬರೆದಿಟ್ಟುಕೊಳ್ಳುವ ಅಭ್ಯಾಸ ಮತ್ತು ಮನೆಯಲ್ಲಿ ಕಾದಿದ್ದ ಕೆಲಸ.

ಸತ್ಯೇಂದ್ರನಾಥ ಬೋಸ್ ಅವರ ಉದಾಹರಣೆ ಇನ್ನೊಂದು ದಿಕ್ಕನ್ನು ತೋರಿಸುತ್ತದೆ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಿಂದ ರಜೆ ಪಡೆದು ಯೂರೋಪಿಗೆ ಹೋದ ಅವರು ಪ್ಯಾರಿಸ್‌ನಲ್ಲಿ ಕ್ಷ-ಕಿರಣದ ಪ್ರಯೋಗಗಳನ್ನು ಹತ್ತಿರದಿಂದ ಕಂಡರು, ಬರ್ಲಿನ್‌ನಲ್ಲಿ ಐನ್‌ಸ್ಟೈನ್ ಅವರನ್ನು ಭೇಟಿಯಾದರು. ಮರಳಿದ ಮೇಲೆ ಢಾಕಾದಲ್ಲಿ ಕ್ಷ-ಕಿರಣ ಪ್ರಯೋಗಾಲಯ ಕಟ್ಟಿ, ಉಪಕರಣಗಳನ್ನು ತಾವೇ ರೂಪಿಸಿದರು. 1948ರಲ್ಲಿ ಬಂಗಾಳಿಯಲ್ಲಿ ವಿಜ್ಞಾನ ಹರಡಲೆಂದು ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿದರು. ಕನ್ನಡಕ್ಕೂ ಇಂಥ ಹಾದಿ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ 'ವಿಜ್ಞಾನ' ಮಾಸಪತ್ರಿಕೆ ಹೊರತಂದರು. ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿ ಬಂದ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು 'ಅಮೆರಿಕದಲ್ಲಿ ನಾನು' ಎಂದು ಕನ್ನಡದಲ್ಲಿ ಬರೆದರು. ಸಸ್ಯಲೋಕವನ್ನು ಕನ್ನಡಿಗರ ಮನೆಬಾಗಿಲಿಗೆ ತಂದ 'ಹಸುರು ಹೊನ್ನು' ಅವರದೇ. ಅನುಭವವನ್ನು ತಾಯ್ನುಡಿಯಲ್ಲಿ ಬರೆಯುವುದು ಭಾಷಾಭಿಮಾನದ ಪ್ರಶ್ನೆಯಷ್ಟೇ ಅಲ್ಲ, ಅದು ತಿಳಿವಳಿಕೆಯ ಪರೀಕ್ಷೆ. ಪ್ರಯೋಗಾಲಯದ ಇಂಗ್ಲಿಷ್‌ನಲ್ಲಿ ಸಿದ್ಧ ನುಡಿಗಟ್ಟುಗಳು ಹೇರಳ. ಅವುಗಳ ಮರೆಯಲ್ಲಿ ಅರ್ಥವಾಗದ್ದನ್ನೂ ದಾಟಿಸಿಬಿಡಬಹುದು. ಅದೇ ಕೆಲಸವನ್ನು ಊರಿನ ಪಿಯುಸಿ ಹುಡುಗಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಲು ಹೊರಟಾಗ, ತನಗೆ ತಿಳಿದದ್ದೆಷ್ಟು, ತಿಳಿದಂತೆ ನಟಿಸಿದ್ದೆಷ್ಟು ಎಂಬುದು ಹೇಳುವವರಿಗೇ ಗೊತ್ತಾಗುತ್ತದೆ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಇದೆಲ್ಲ ಬೆರಳೆಣಿಕೆಯ ಜನರ ಭಾಗ್ಯ ಎಂಬುದು ಮೊದಲನೆಯದು. ನಿಜ. ಹೆಸರಾಂತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಹಿರಿಯರ ಸಲಹೆ ಇದೆ, ಶಿಫಾರಸು ಪತ್ರ ಬರೆಯುವ ಪ್ರಾಧ್ಯಾಪಕರಿದ್ದಾರೆ. ಜಿಲ್ಲಾ ಕೇಂದ್ರದ ಕಾಲೇಜಿನ ವಿದ್ಯಾರ್ಥಿಗೆ ಅರ್ಜಿಯ ಸುದ್ದಿಯೇ ತಲುಪುವುದಿಲ್ಲ. ತಲುಪಿದರೂ ಪಾಸ್‌ಪೋರ್ಟ್, ವೀಸಾ, ಮುಂಗಡ ವಿಮಾನದ ಹಣ ದಾಟಲಾರದ ಹೊಳೆಗಳಾಗುತ್ತವೆ. ಯೂರೋಪಿನ ಬೇಸಿಗೆ ಜೂನ್, ಜುಲೈನಲ್ಲಿ ಬಿದ್ದರೆ, ನಮ್ಮ ಹಲವು ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಪರೀಕ್ಷೆಗಳೂ ಅದೇ ತಿಂಗಳುಗಳಲ್ಲಿ ಬೀಳುತ್ತವೆ. ಈ ಅಸಮಾನತೆಗೆ ವಿದ್ಯಾರ್ಥಿವೇತನ ಹೆಚ್ಚಬೇಕು, ವೇಳಾಪಟ್ಟಿ ಸಡಿಲವಾಗಬೇಕು. ಲೇಖನ ಬರೆಸುವುದು ಅದಕ್ಕೆ ಬದಲಿಯಾಗದು. ಆದರೆ ಹೋಗುವವರು ಕೆಲವರೇ ಆಗಿರುವಷ್ಟು ಕಾಲ, ಅವರು ತಂದದ್ದು ಅವರಲ್ಲೇ ಉಳಿದುಹೋಗುವುದು ಇನ್ನೂ ದೊಡ್ಡ ಅನ್ಯಾಯ. ಅರ್ಜಿ ಹೇಗೆ ಬರೆದೆ, ಎಷ್ಟು ಸಲ ತಿರಸ್ಕೃತನಾದೆ, ಮೊದಲ ವಾರ ಹೇಗೆ ತತ್ತರಿಸಿದೆ ಎಂಬುದನ್ನು ಬಿಚ್ಚಿಟ್ಟ ಒಂದು ಪ್ರಾಮಾಣಿಕ ಬರಹ, ಸಲಹೆ ಹೇಳಲು ಯಾರೂ ಇಲ್ಲದವರಿಗೆ ಹಿರಿಯಣ್ಣನ ಜಾಗದಲ್ಲಿ ನಿಲ್ಲುತ್ತದೆ.

ಎರಡನೆಯ ಆಕ್ಷೇಪ, ಇಂಥ ಬೇಸಿಗೆ ನಮ್ಮ ಒಳ್ಳೆಯ ಮಕ್ಕಳನ್ನು ಹೊರದೇಶಕ್ಕೆ ಸೆಳೆಯುವ ಗಾಳ ಎಂಬುದು. ಆತಿಥೇಯ ದೇಶಗಳು ಮುಂದಿನ ಸಂಶೋಧನಾ ವಿದ್ಯಾರ್ಥಿಗಳನ್ನು ಹುಡುಕುತ್ತಿರುತ್ತವೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಆದರೆ ಯಾರ ಹೆಸರಿನಲ್ಲಿ ಇಂಥ ಕಾರ್ಯಕ್ರಮ ನಡೆಯಿತೋ ಆ ಖೊರಾನಾ ಅವರ ಬದುಕನ್ನೇ ನೋಡಿ. ಲಿವರ್‌ಪೂಲ್‌ನಲ್ಲಿ ಡಾಕ್ಟರೇಟ್, ಜೂರಿಕ್‌ನಲ್ಲಿ ವ್ಲಾದಿಮಿರ್ ಪ್ರೆಲಾಗ್ ಅವರ ಬಳಿ ತರಬೇತಿ ಮುಗಿಸಿ 1949ರಲ್ಲಿ ಅವರು ಭಾರತಕ್ಕೆ ಬಂದಿದ್ದರು. ಇಲ್ಲಿ ತಕ್ಕ ಕೆಲಸ ಸಿಗದೆ ಮತ್ತೆ ಇಂಗ್ಲೆಂಡಿಗೆ ಹೋದರು; 1968ರ ನೊಬೆಲ್ ಬಹುಮಾನ ಬರುವಾಗ ಅವರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದರು. ಅವರನ್ನು ಕಳೆದುಕೊಳ್ಳಲು ಪಯಣ ಕಾರಣವಾಗಲಿಲ್ಲ, ಮರಳಿದಾಗ ಸಿಗದ ಜಾಗ ಕಾರಣವಾಯಿತು. ನೀನು ನೋಡಿ ಬಂದದ್ದೇನು, ಅದರಲ್ಲಿ ಇಲ್ಲಿ ಮಾಡಬಹುದಾದದ್ದು ಯಾವುದು ಎಂದು ಮರಳಿದ ವಿದ್ಯಾರ್ಥಿಯನ್ನು ಕಾಲೇಜು ಕೂರಿಸಿ ಕೇಳುವುದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ತನಗಾಗಿ ಇಲ್ಲೊಂದು ಜಾಗವಿದೆ ಎಂಬ ಭಾವನೆ ಹುಟ್ಟುವುದು ಅಂಥ ಕೇಳುವಿಕೆಯಿಂದಲೇ.

ಮೂರನೆಯ ಆಕ್ಷೇಪ ಕಾಲಾವಧಿಯದು. ಎರಡು ತಿಂಗಳಲ್ಲಿ ಏನು ಸಂಶೋಧನೆ, ಅದೊಂದು ದುಬಾರಿ ಪ್ರವಾಸ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್‌ನಲ್ಲೂ ಇದೇ ಕಲಿಕೆ ಸಿಗುವುದಿಲ್ಲವೇ ಎಂದು ಕೇಳುತ್ತಾರೆ. ಸಿಗುತ್ತದೆ. ಹದಿಹರೆಯ ದಾಟಿದ ಹುಡುಗ ಎರಡು ತಿಂಗಳಲ್ಲಿ ಹೊಸ ಸಿದ್ಧಾಂತ ಕಟ್ಟುತ್ತಾನೆಂದು ಯಾರೂ ನಿರೀಕ್ಷಿಸಬಾರದು. ಫಲಿತಾಂಶವನ್ನೇ ಅಳತೆಗೋಲು ಮಾಡಿಕೊಂಡರೆ ಇಂಥ ಬೇಸಿಗೆಗಳೆಲ್ಲ, ಇಲ್ಲಿಯವೂ ಅಲ್ಲಿಯವೂ, ಸೋತಂತೆಯೇ ಕಾಣುತ್ತವೆ. ಪ್ರಶ್ನೆ ಕೇಳುವ ಬಗೆ ಬದಲಾಯಿತೇ ಎಂಬುದನ್ನು ಅಳತೆಗೋಲು ಮಾಡಿಕೊಂಡರೆ ಎರಡು ತಿಂಗಳು ಸಾಕು, ಮುಂದೆ ಯೋಚಿಸುವ ಕೆಲಸ ನಡೆಯುವುದಾದರೆ. ಹೀಗಾಗಿ ಈ ವಾದ ಜಕ್ಕೂರಿನಲ್ಲಿ ಬೇಸಿಗೆ ಕಳೆದವರಿಗೂ ಜಿನೀವಾದಲ್ಲಿ ಕಳೆದವರಿಗೂ ಸಮಾನ. ದೂರದೇಶ ಕೊಡುವ ಹೆಚ್ಚಿನದು ಒಂದೇ: ಇಲ್ಲಿ ಸಹಜವೆಂದು ಒಪ್ಪಿಕೊಂಡಿದ್ದ ಎಷ್ಟೋ ಸಂಗತಿ ಅಲ್ಲಿ ಪ್ರಶ್ನೆಗಳಾಗಿ ಎದ್ದು ನಿಲ್ಲುತ್ತವೆ.

ಕೊನೆಯ ಆಕ್ಷೇಪವೇ ಹೆಚ್ಚು ಗಟ್ಟಿಯಾದದ್ದು. ಕಡ್ಡಾಯವಾಗಿ ಬರೆಸಿದ ಆತ್ಮಾವಲೋಕನ ಇನ್ನೊಂದು ಶಾಸ್ತ್ರವಾಗುತ್ತದೆ. ಹಣ ಕೊಟ್ಟವರೂ ಶಿಫಾರಸು ಬರೆಯಬೇಕಾದವರೂ ಓದುವಾಗ ಯಾವ ವಿದ್ಯಾರ್ಥಿ ತಾನೇ ಸೋಲನ್ನು ಬರೆದಾನು? ಇದಕ್ಕೆ ಉತ್ತರ, ಎರಡು ಬರಹಗಳನ್ನು ಬೇರ್ಪಡಿಸುವುದು. ಹಣ ಕೊಟ್ಟವರಿಗೆ ಲೆಕ್ಕ ಒಪ್ಪಿಸುವ ವರದಿ ಒಂದು. ಕಿರಿಯರಿಗಾಗಿ ಬರೆಯುವ, ಅಂಕವಿಲ್ಲದ, ಕಾಲೇಜಿನ ಗ್ರಂಥಾಲಯದಲ್ಲಿ ಉಳಿಯುವ ಬರಹ ಇನ್ನೊಂದು. ಎರಡನೆಯದರಲ್ಲಿ ಪ್ರಯೋಗಾಲಯದ ಅಪ್ರಕಟಿತ ದತ್ತಾಂಶವಾಗಲಿ ಯಾರದೋ ದೂರಾಗಲಿ ಬೇಕಿಲ್ಲ. ತನ್ನ ತಪ್ಪು, ತನ್ನ ತಿದ್ದುಪಡಿ ಇದ್ದರೆ ಸಾಕು. ಬರಹವನ್ನು ಕೊನೆಯ ದಿನಕ್ಕೆ ಬಿಡದಿರುವುದೂ ಮುಖ್ಯ. ಕ್ಯಾಲ್ಟೆಕ್‌ನ ಬೇಸಿಗೆ ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ಮೊದಲೇ ಪ್ರಸ್ತಾವ ಬರೆಯುತ್ತಾನೆ, ನಡುನಡುವೆ ಮಧ್ಯಂತರ ವರದಿ ಕೊಡುತ್ತಾನೆ, ಕೊನೆಗೆ ಪ್ರಬಂಧ ಒಪ್ಪಿಸಿ ಸಭೆಯ ಮುಂದೆ ಮಾತಾಡುತ್ತಾನೆ. ಎಣಿಸಿದ್ದೇನು, ಆದದ್ದೇನು ಎಂಬ ಅಂತರ ಆ ಕಾಗದಗಳಲ್ಲೇ ಅಳಿಸಲಾಗದಂತೆ ಉಳಿಯುತ್ತದೆ.

ನಮ್ಮ ಕಾಲೇಜುಗಳು ಇದಕ್ಕಾಗಿ ಕಟ್ಟಡ ಕಟ್ಟಬೇಕಿಲ್ಲ, ಸಮಿತಿ ರಚಿಸಬೇಕಿಲ್ಲ. ಸೆಪ್ಟೆಂಬರಿನ ಒಂದು ಶನಿವಾರ, ಒಂದು ತರಗತಿ ಕೋಣೆ, ಮರಳಿದವರ ಮುಂದೆ ಮೂರು ಪ್ರಶ್ನೆ: ಎಲ್ಲಿ ತಪ್ಪಿದಿರಿ, ತಪ್ಪಿದ್ದು ಹೇಗೆ ಗೊತ್ತಾಯಿತು? ಇನ್ನೊಂದು ತಿಂಗಳು ಸಿಕ್ಕಿದ್ದರೆ ಏನು ಮಾಡುತ್ತಿದ್ದಿರಿ? ಹಣ ಖರ್ಚಿಲ್ಲದೆ ನಾಳೆಯೇ ಇಲ್ಲಿ ಮಾಡಬಹುದಾದದ್ದು ಯಾವುದು? ಮೂರನೆಯದಕ್ಕೆ ಉತ್ತರವೊಂದು, ಮೂರು ವಾರ ಪಟ್ಟಿ ಮೂಡದೆ ಹೆಣಗಿದ ಆ ವಿದ್ಯಾರ್ಥಿನಿಯ ಕಥೆಯಲ್ಲೇ ಇದೆ. ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ಪ್ರಯೋಗದ ಕೊನೆಗೆ ಒಂದು ಪುಟ ಖಾಲಿ ಬಿಡಬೇಕು. ಬಂದ ಅಂಕಿ ಏಕೆ ಹಾಗೆ ಬಂತು, ದೋಷ ಎಲ್ಲಿರಬಹುದು, ಅದನ್ನು ಪತ್ತೆ ಮಾಡಲು ಮುಂದೇನು ಮಾಡುತ್ತೇನೆ ಎಂದು ವಿದ್ಯಾರ್ಥಿ ಅಲ್ಲಿ ಬರೆಯಬೇಕು. ಶಿಕ್ಷಕರು ಅಂಕ ಕೊಡುವುದು ಆ ಪುಟಕ್ಕಾಗಬೇಕು. ಸಾವಿರಾರು ಮೈಲಿ ದೂರದ ಪ್ರಯೋಗಾಲಯದಲ್ಲಿ ಒಬ್ಬಳು ಕಷ್ಟಪಟ್ಟು ಕಲಿತದ್ದು, ಎಂದೂ ವಿಮಾನ ಹತ್ತದ ಅರವತ್ತು ಮಂದಿಯ ಕೈಗೆ ಆ ಒಂದು ಪುಟದಲ್ಲಿ ತಲುಪುತ್ತದೆ. ಅವಳ ಬೇಸಿಗೆ ಪೂರ್ತಿಯಾಗುವುದು ಅಂದು.